ಗಾಳಿ ಬೇಡದ ಎಂಜಿನ್

27 ಮಾರ್ಚ್ 2016, ರವಿವಾರ. ಭಾಲ್ಕಿ

ನಿನ್ನೆ ಔರಾದಿನ ಹೈಸ್ಕೂಲಿನಲ್ಲಿ ಮತ್ತೆ ಅದೇ ಜಲಾಂತರ್ಗಾಮಿಯ ಭಾಷಣ. ಅದೆಷ್ಟು ಬಾಯಿಪಾಠವಾಗಿದೆ ಎಂದರೆ, ಬಾಯಿ ತನ್ನ ಪಾಡಿಗೆ ಮಾತಾಡುತ್ತಿರುವಾಗ ನಾನು ಹೊರಗಿನ ಬೇವಿನ ಗಿಡದ ಕಾಗೆಗಳನ್ನು ಎಣಿಸಿದೆ. ಹನ್ನೊಂದು ಇದ್ದವು.

ಅಣುಶಕ್ತಿಯ ದಾಳಿ ಜಲಾಂತರ್ಗಾಮಿ ಎಂದರೆ ಹತ್ತು ಬಸ್ಸು ಸಾಲಾಗಿ ನಿಲ್ಲಿಸಿದಷ್ಟು ಉದ್ದ. ಮೈಗೆ ಎರಡು ಪದರ. ಹೊರಗಿನದು ತೆಳುವು, ಒಳಗಿನದು ಸಮುದ್ರದ ಭಾರ ತಡೆಯುವಷ್ಟು ಗಟ್ಟಿ. ನಡುವಿನ ತೊಟ್ಟಿಗಳಿಗೆ ನೀರು ಬಿಟ್ಟರೆ ಮುಳುಗುತ್ತದೆ, ಗಾಳಿ ಊದಿ ನೀರು ಹೊರಗೆ ದಬ್ಬಿದರೆ ಏಳುತ್ತದೆ. ಹೊರಮೈಗೆಲ್ಲ ರಬ್ಬರ್ ಹಲಗೆ. ಶತ್ರು ಕಳಿಸಿದ ಸದ್ದು ತಿರುಗಿ ಅವನ ಕಿವಿಗೆ ಹೋಗಬಾರದು. ಒಳಗಿನ ಯಂತ್ರಗಳನ್ನೂ ರಬ್ಬರಿನ ಮೇಲೆ ಕೂಡಿಸಿರುತ್ತಾರೆ. ಅದರ ಕೆಲಸವೇ ಬೇರೆ ಹಡಗುಗಳ ಬೆನ್ನು ಹತ್ತಿ ಹೋಗಿ ಸುಮ್ಮನೆ ಕೇಳುವುದು, ಬೇಕಾದಾಗ ಟಾರ್ಪೀಡೊ ಬಿಡುವುದು. ನೀರಿನೊಳಗೇ ತಾಸಿಗೆ ಐವತ್ತು ಕಿಲೋಮೀಟರ್ ಮೀರಿ ಓಡುತ್ತದೆ.

ಆಮೇಲೆ ಮುಖ್ಯ ಮಾತು. ಸಾಮಾನ್ಯ ಜಲಾಂತರ್ಗಾಮಿಯಲ್ಲಿ ಡೀಸಲ್ ಎಂಜಿನ್. ಅದಕ್ಕೂ ನಮ್ಮ ಹಾಗೆ ಉಸಿರು ಬೇಕು. ಆಗಾಗ ಮೇಲೆ ಬಂದು ಕೊಳವೆ ಚಾಚಿ ಗಾಳಿ ಎಳೆದುಕೊಳ್ಳಲೇಬೇಕು, ಸಿಕ್ಕಿಬೀಳುವುದೂ ಆಗಲೇ. ಅಣುವಿನ ಎಂಜಿನ್ನಿಗೆ ಗಾಳಿ ಬೇಡ. ರಿಯಾಕ್ಟರಿನ ಕಾವಿಗೆ ನೀರು ಉಗಿಯಾಗುತ್ತದೆ, ಉಗಿ ಟರ್ಬೈನ್ ತಿರುಗಿಸುತ್ತದೆ, ತಣಿದು ನೀರಾಗಿ ಅದೇ ದಾರಿಗೆ ಮರಳುತ್ತದೆ. ಕುಡಿಯುವ ನೀರನ್ನು ಸಮುದ್ರದಿಂದಲೇ ಕಾಸಿ ಇಳಿಸುತ್ತಾರೆ, ಉಸಿರಾಡುವ ಗಾಳಿಯನ್ನು ನೀರಿನಿಂದಲೇ ಒಡೆದು ತೆಗೆಯುತ್ತಾರೆ. ಕಾಳುಕಡಿ ಮುಗಿಯುವವರೆಗೆ ಅದು ಮೇಲೆ ಬರಬೇಕಾಗಿಲ್ಲ. ಇಲ್ಲಿ ಚಪ್ಪಾಳೆ ಬೀಳುತ್ತದೆ. ಪ್ರತಿ ಸಲವೂ ಇಲ್ಲಿಯೇ ಬೀಳುತ್ತದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಅಂಥದೊಂದು ನಮ್ಮೂರಿಗಿ ತರಲಾಕ ಬರಲ್ಲೇನ್ರಿ? ಟ್ಯಾಂಕರ್ ಬಂದು ಆರು ದಿನಾ ಆತ್ರಿ" ಎಂದಳು. ಎಲ್ಲರೂ ನಕ್ಕರು. ಹೆಡ್‌ಮಾಸ್ತರರು, "ಸಾಹೇಬ್ರು ಅದರಾಗ ಎಷ್ಟು ದಿನ ಇದ್ರಿ?" ಎಂದರು. ಎಪ್ಪತ್ತು ದಿನ ಎಂದೆ. ಕಳೆದ ಸಲ ಎಲ್ಲೋ ಅರವತ್ತು ಎಂದ ನೆನಪು. ಇರಲಿ, ಯಾರು ತಾಳೆ ನೋಡುತ್ತಾರೆ.

ಬರುವಾಗ ಬಾಗಿಲ ಹತ್ತಿರದ ಸೀಟು ಸಿಗದೆ ಒಂದು ಬಸ್ಸು ಬಿಟ್ಟೆ. ಸೆಖೆ ವಿಪರೀತ.

5 ಏಪ್ರಿಲ್, ಮಂಗಳವಾರ. ಡಾಬಕಾ

ಊರಿಗೆ ಬಂದೆ. ನಮ್ಮ ಓಣಿಯಲ್ಲಿ ಅರ್ಧ ಮನೆಗಳಿಗೆ ಬೀಗ. ಶಾಲು ಅಕ್ಕನೂ ಗಂಟು ಕಟ್ಟುತ್ತಿದ್ದಳು. ಕೊಡಗಳನ್ನೆಲ್ಲ ಬೋರಲು ಹಾಕಿ ಹಗ್ಗದಿಂದ ಪೋಣಿಸಿದ್ದಳು. ಅವಳ ಗಂಡ ನರಸಿಂಗ ಭಾವ ಸುತ್ತ ಏಳೆಂಟು ಊರಿಗೆ ಹೆಸರಾದ ಬಾವಿ ತೋಡುವವರು. ಈಗ ತೋಡಿದರೂ ಬಂಡೆಯೇ ಬರುತ್ತದೆ, ತೋಡಿಸುವವರೂ ಇಲ್ಲ.

"ನಾಳಿ ಹೈದ್ರಾಬಾದಿಗಿ ಹೊಂಟೇವಿ. ಬಿಲ್ಡಿಂಗ್ ಕೆಲ್ಸ ಅದ ಅಂತ" ಎಂದರು ಭಾವ.

ನನಗೆ ಗುರುನಾಥ ಸರ್ ಮಾತು ನೆನಪಾಯಿತು. ನಾನು ಪ್ರಯೋಗಾಲಯದ ಸಹಾಯಕನಾಗಿರುವ ಭಾಲ್ಕಿಯ ಕಾಲೇಜಿನಲ್ಲಿ ಅವರು ಹೋದ ವರ್ಷದವರೆಗೂ ಪ್ರಿನ್ಸಿಪಾಲರು. ಈಗ ಬೀದರಿನ ನಾಲ್ಕು ಜನ ಸೇರಿಸಿಕೊಂಡು, ಅಷ್ಟೂರದ ಆಚೆ ಹೂತುಹೋಗಿರುವ ಸುಲ್ತಾನರ ಕಾಲದ ನೀರಿನ ಸುರಂಗವೊಂದನ್ನು ಬಿಡಿಸಲು ಹೊರಟಿದ್ದಾರೆ. ನೆಲದ ಕೆಳಗೆ ನಲವತ್ತು ಅಡಿ ಆಳದಲ್ಲಿ ಸುರಂಗ, ಅದರುದ್ದಕ್ಕೂ ಗಾಳಿಗೆ, ಬೆಳಕಿಗೆ ಎಂದು ಬಾವಿಯಂಥ ಕಿಂಡಿಗಳು. ಹೂಳು ತೆಗೆದರೆ ನೀರು ಈಗಲೂ ಹರಿದೀತು ಎಂದು ಅವರ ನಂಬಿಕೆ. ಅವರಿಗೆ ಬೇಕಾದದ್ದು ಎರಡು: ತೋಡುವ ಜನ, ಒಳಗಿನ ಹವಾ ನೋಡಿ ಹೇಳುವವನು. ಎರಡನೆಯದಕ್ಕೆ ನಾನು.

ಭಾವನಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ಬಾವ್ಯಾಗ ಇಳದ್ರ ಮ್ಯಾಲ ಆಕಾಶ ಕಾಣ್ತದೋ. ಸುರಂಗದಾಗ ಏನು ಕಾಣ್ತದ?"

"ನಾ ಎಪ್ಪತ್ತು ದಿನ ಆಕಾಶ ನೋಡಿಲ್ಲ ಭಾವ. ಸತ್ತೇನೇನು? ಹವಾ ನಾ ನೋಡ್ತೇನಿ, ನೀವು ಹೂಳು ನೋಡ್ರಿ" ಎಂದೆ.

ಅವರು ಅಕ್ಕನಿಗೆ, "ಗಂಟು ಬಿಚ್ಚು" ಎಂದರು. ನನ್ನ ಮಾತಿಗೆ ಇಷ್ಟು ಬೆಲೆ ಇದೆ ಎಂದು ಹಿಗ್ಗಾಯಿತು.

14 ಏಪ್ರಿಲ್, ಗುರುವಾರ. ಡಾಬಕಾ

ಜಯಂತಿ. ಬುದ್ಧ ವಿಹಾರದ ಗೋಡೆಯ ಮೇಲೆ ಊರಿನಿಂದ ಓದಿ ಮುಂದೆ ಬಂದವರ ಪಟಗಳಿವೆ: ಒಬ್ಬ ತಹಸೀಲ್ದಾರ, ಇಬ್ಬರು ಡಾಕ್ಟರರು, ಒಬ್ಬಳು ನರ್ಸ್. ಈ ವರ್ಷ ನನ್ನದೂ ಹಾಕಿದ್ದಾರೆ. ಬಿಳಿ ಸಮವಸ್ತ್ರ, ಕೆಳಗೆ 'ಅಣು ಜಲಾಂತರ್ಗಾಮಿ ಯೋಧ' ಎಂದು ಕೆಂಪು ಬಣ್ಣದಲ್ಲಿ. ಮುದುಕಿಯರು ಬಂದು ಪಟದ ಮುಂದೆ ನಿಂತು ಆಮೇಲೆ ನನ್ನನ್ನು ನೋಡಿ ನಗುತ್ತಿದ್ದರು. ಊಟ ಸೇರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಬೇಗ ಎದ್ದೆ.

20 ಏಪ್ರಿಲ್, ಬುಧವಾರ. ಬೀದರ

ಕಾಲೇಜಿಗೆ ರಜೆ ಬಿದ್ದಿದೆ. ಹಳೇ ಪೇಟೆಯಲ್ಲಿ ಕರೀಮ ಸಾಬರ ಮನೆಯ ಮುಂದಿನ ಕೋಣೆ ಹಿಡಿದಿದ್ದೇನೆ. ಡಾಬಕಾ, ಎಕಂಬಾದಿಂದ ಬಂದ ಹದಿನಾರು ಜನ ಅಷ್ಟೂರದ ಹತ್ತಿರ ತಗಡಿನ ಶೆಡ್ಡುಗಳಲ್ಲಿ ಇದ್ದಾರೆ. ಕೆಲಸ ಶುರುವಾಗಿ ಮೂರು ದಿನ.

ನನ್ನ ಕೆಲಸ ಇಷ್ಟು: ಬೆಳಿಗ್ಗೆ ಕಂದೀಲು ಹಚ್ಚಿ ಹಗ್ಗ ಕಟ್ಟಿ ಕಿಂಡಿಯೊಳಗೆ ಇಳಿಬಿಡುವುದು, ಆರದಿದ್ದರೆ "ಹೋಗ್ರಿ" ಎನ್ನುವುದು. ಗುರುನಾಥ ಸರ್ ಒಮ್ಮೆ ಒಳಗೆ ಬನ್ನಿ ಎಂದರು. "ಮ್ಯಾಲ ಒಬ್ಬರು ಇರಬೇಕಾಗ್ತದರಿ" ಎಂದೆ. ಅದೂ ನಿಜವೇ.

ಕರೀಮ ಸಾಬರಿಗೆ ನನ್ನ ಮೇಲೆ ಸಿಟ್ಟು. "ಅರೆ ಭಾಯಿ, ದರ್ವಾಜಾ ಹಾಕ್ಕೊಂಡು ಮಲ್ಕೋರಿ. ಓಣಿ ನಾಯಿ ಎಲ್ಲಾ ಒಳಗ ಬರ್ತಾವು. ಸಮುಂದರದಾಗ ಹ್ಯಾಂಗ ಇದ್ರಿ ನೀವು?" ಎಂದರು. ಸೆಖೆ ಎಂದೆ. ನನಗೂ ಎಲ್ಲದಕ್ಕೂ ಒಂದೇ ಉತ್ತರ ಸಿಕ್ಕಿದೆ.

24 ಏಪ್ರಿಲ್, ರವಿವಾರ. ಬೀದರ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇಂದು ಭಾವ ಸುಮ್ಮನೆ ಕೇಳಿದ್ದು: "ನೀ ಒಂದಿನಾನೂ ಕೆಳಗ ಬರ್ಲಿಲ್ಲಲ್ಲೋ." ನಾನು ಮೈಮೇಲೆ ಬಂದವನ ಹಾಗೆ ಎಲ್ಲರೆದುರು ರೇಗಿದೆ. "ಯಾರ ಕೆಲ್ಸ ಅವರು ಮಾಡ್ರಿ" ಎಂದೆ, ಅಕ್ಕನ ಗಂಡನಿಗೆ.

ಈ ವಹಿಯನ್ನು ಬೇರೆ ಯಾರೂ ಓದುವುದಿಲ್ಲ. ಹಾಗಿದ್ದೂ ಇಲ್ಲಿಯವರೆಗೆ ಇದರಲ್ಲಿಯೂ ಸುಳ್ಳೇ ಬರೆದಿದ್ದೇನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ನಾನು ಆ ಜಲಾಂತರ್ಗಾಮಿಯಲ್ಲಿ ಎಪ್ಪತ್ತು ದಿನವಲ್ಲ, ಒಂದು ದಿನವೂ ಇರಲಿಲ್ಲ. ಪಾಠ ಕಲಿತದ್ದು ನಿಜ, ಲಿಖಿತ ಪರೀಕ್ಷೆಯಲ್ಲಿ ಮೊದಲಿಗನಾದದ್ದೂ ನಿಜ. 2007ರಲ್ಲಿ, ವಿಶಾಖಪಟ್ಟಣದಲ್ಲಿ. ಕೊನೆಗೆ ಒಂದು ಪರೀಕ್ಷೆ ಇರುತ್ತದೆ. ಮುಳುಗಿದ ನೌಕೆಯಿಂದ ಪಾರಾಗುವ ಅಭ್ಯಾಸ. ಟಾರ್ಪೀಡೊ ಬಿಡುವ ಕೊಳವೆಯಂಥದ್ದರಲ್ಲಿ ಬೋರಲು ಮಲಗಬೇಕು. ಅಗಲ ಐವತ್ಮೂರು ಸೆಂಟಿಮೀಟರ್, ಭುಜ ಹಿಡಿದರೆ ಹೆಚ್ಚು. ಹಿಂದಿನ ಮುಚ್ಚಳ ಹಾಕುತ್ತಾರೆ, ನೀರು ಬಿಡುತ್ತಾರೆ, ತುಂಬಿದ ಮೇಲೆ ಮುಂದಿನ ಮುಚ್ಚಳ ತೆಗೆಯುತ್ತಾರೆ, ತೆವಳಿ ಹೊರಗೆ ಹೋಗಬೇಕು. ಬಾಯಲ್ಲಿ ಉಸಿರಿನ ಯಂತ್ರ ಇರುತ್ತದೆ, ಭಯವಿಲ್ಲ. ಒಂದು ಸಲ ಬಡಿದರೆ 'ಸರಿ', ಮೂರು ಸಲ ಬಡಿದರೆ 'ತೆಗೆಯಿರಿ'.

ನೀರು ಇನ್ನೂ ಮೊಣಕೈವರೆಗೆ ಮಾತ್ರ ಬಂದಿತ್ತು. ನಾನು ಮೂರು ಬಡಿದೆ. ನಿಲ್ಲಿಸದೆ ಬಡಿದೆ.

ಇನ್ನೊಂದು ಅವಕಾಶ ಕೊಟ್ಟರು. ಆವತ್ತು ಕೊಳವೆಯ ಬಾಯಿಯವರೆಗೆ ಹೋಗಿ ನಿಂತುಬಿಟ್ಟೆ. ಯಾರೂ ಬಯ್ಯಲಿಲ್ಲ. ಒಬ್ಬ ಅಧಿಕಾರಿ ಬೆನ್ನು ತಟ್ಟಿದ, ಅದೇ ಈಗಲೂ ಉರಿಯುತ್ತದೆ. ಆಮೇಲೆ ಆರು ವರ್ಷ ದಂಡೆಯ ಮೇಲಿನ ನೌಕಾಪಡೆಯ ಉಗ್ರಾಣದಲ್ಲಿ ವಾಷರ್, ನಟ್ಟು, ಬೋಲ್ಟು ಕೊಟ್ಟು ನಿವೃತ್ತನಾದೆ. ಊರಲ್ಲಿ ಕೇಳಿದರೆ ರಹಸ್ಯದ ಕೆಲಸ ಎನ್ನುತ್ತಿದ್ದೆ. ಆ ಒಂದು ಮಾತು ನನ್ನ ಸುಳ್ಳಿಗೆ ಗಟ್ಟಿ ಬೇಲಿಯಾಯಿತು.

ಕಿಂಡಿಯ ಬಾಯಲ್ಲಿ ಬಗ್ಗಿ ನೋಡಿದರೂ ನನಗೆ ಆ ಮುಚ್ಚಳದ ಸದ್ದು ಕೇಳಿಸುತ್ತದೆ. ನಾಚಿಕೆಯಾಗುತ್ತದೆ. ಬರೆದದ್ದರಿಂದ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

3 ಮೇ, ಮಂಗಳವಾರ

ಎರಡನೇ ಕಿಂಡಿಯವರೆಗೆ ಹೂಳು ಮುಗಿಯಿತು. ಸುರಂಗದ ಕೆಳಗಿನ ಬಾಯಿಂದ ಈಗ ತಣ್ಣನೆಯ ಗಾಳಿ ಬರುತ್ತದೆ. ಒಳಗಿನ ತಂಪು ಗಾಳಿ ಭಾರ, ಇಳಿಜಾರಿಗೆ ಹರಿದು ಬರುತ್ತದೆ; ಆ ಜಾಗ ತುಂಬಲು ಕಿಂಡಿಗಳು ಹೊರಗಿನ ಗಾಳಿ ನುಂಗುತ್ತವೆ. ಹೆಂಗಸರು ಊಟಕ್ಕೆ ಅಲ್ಲಿಯೇ ಕೂರುತ್ತಾರೆ. ಎಕಂಬಾದ ಸಖುಬಾಯಿ, ಕಡ್ಡಿಯಂಥ ಹೆಂಗಸು, ಬುಟ್ಟಿ ಹೊರುವುದರಲ್ಲಿ ಗಂಡಸರನ್ನು ಮೀರಿಸುವವಳು, "ಕೂಲರ್ ಬಂತ್ರೋ ಪುಕ್ಕಟ್ಟೆ" ಎಂದು ನಗಿಸಿದಳು. ನಾನೂ ಅಲ್ಲಿಯೇ ರೊಟ್ಟಿ ತಿಂದೆ, ಬಾಯಿಗೆ ಬೆನ್ನು ಮಾಡಿ.

9 ಮೇ, ಸೋಮವಾರ

ಮೂರನೇ ಕಿಂಡಿಯ ಕೆಳಗೆ ನೀರು ಸಿಕ್ಕಿತು. ಎದೆಮಟ್ಟ ನಿಂತಿದೆ. ಎಲ್ಲರೂ ಕುಣಿದಾಡಿದರು. ಆದರೆ ಆ ನೀರು ತೆಗೆಯದೆ ಮುಂದಿನ ಹೂಳು ತೆಗೆಯಲಾಗದು.

ಪಂಪು ಬಾಡಿಗೆಗೆ ಕೊಡುವ ಮಕ್ಸೂದ ಡೀಸಲ್ ಪಂಪು ತಂದ. ಮೇಲಿಟ್ಟರೆ ಅಷ್ಟು ಆಳದ ನೀರನ್ನು ಅದು ಎಳೆಯುವುದಿಲ್ಲ. ಹೊಲದ ಬಾವಿಗಳಲ್ಲಿ ಎಲ್ಲರೂ ಮಾಡುವ ಹಾಗೆ ಕಿಂಡಿಯ ನಡುವೆ ಹಲಗೆ ಹಾಕಿ ಎಂಜಿನ್ನನ್ನೇ ಇಪ್ಪತ್ತು ಅಡಿ ಕೆಳಗೆ ಕೂಡಿಸೋಣ ಎಂದ.

ಗುರುನಾಥ ಸರ್ ನನ್ನ ಕಡೆ ತಿರುಗಿದರು. "ಮಚ್ಛೇಂದ್ರ, ನೀವು ಒಂದ್ಸಲ ಒಳಗ ಹೋಗಿ ನೋಡಿ ಬರ್ರಿ. ನೀವು ಹ್ಞೂಂ ಅಂದ್ರ ಇಳಸ್ತೇವಿ."

ಹದಿನಾರು ಜನರೂ ನೋಡುತ್ತಿದ್ದರು. ನಾನು ಹೇಳಿದೆ, "ಒಳಗ ಹೋಗೋದೇನೂ ಬ್ಯಾಡ್ರಿ. ಇಳಸ್ರಿ. ಹೊಗಿ ಮ್ಯಾಲೇ ಹೋಗ್ತದ."

ಹೊಲದ ಬಾವಿ ಬಾಯಗಲ ಇರುತ್ತದೆ, ಹೊಗೆ ಮೇಲೆ ಹೋಗುತ್ತದೆ. ಇಲ್ಲಿಯೂ ಹೋದೀತು.

10 ಮೇ, ಮಂಗಳವಾರ

ಭಾವನನ್ನು ಹೊರಗೆ ತೆಗೆದೆವು. ಉಸಿರಿದೆ. ಆಸ್ಪತ್ರೆಯಲ್ಲಿ ಅಕ್ಕ ಕೂತಿದ್ದಾಳೆ.

13 ಮೇ, ಶುಕ್ರವಾರ

ಇನ್ನೂ ಕಣ್ಣು ಬಿಟ್ಟಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಎಂಜಿನ್ ಶುರುವಾಯಿತು. ಪಂಪಿನ ಕೊಳವೆಯ ತುದಿಗೆ ಹೂಳು ಕಟ್ಟುತ್ತದೆ, ಒಬ್ಬರು ನೀರಿನ ಬದಿಗೆ ನಿಂತು ಬಿಡಿಸುತ್ತಿರಬೇಕು. ಭಾವ ತಾನೇ ಇಳಿದರು. ಕಿಂಡಿಯಲ್ಲಿ ಇಳಿಬಿಟ್ಟ ಹಗ್ಗ ಅಲ್ಲಾಡಿಸಿ ಮೇಲೆ ಸುದ್ದಿ ತಿಳಿಸುತ್ತಿದ್ದರು. ಹತ್ತೂವರೆಗೆ ಕೆಳಗಿನ ಬಾಯಿಂದ ಸಖುಬಾಯಿ ನಡೆದು ಬಂದಳು. "ಸಾಹೇಬ್ರ, ಇವತ್ತ ಗಾಳಿ ಡೀಸಲ್ ನಾರ್ತದರಿ. ನಮ್ಮ ಹುಡುಗೀರಿಗಿ ತಲಿ ಸಿಡಿಲಾಕತ್ತದ."

ಹೊಗೆ ಮೇಲೆ ಹೋಗುತ್ತಿರಲಿಲ್ಲ. ಕಿಂಡಿ ಗಾಳಿಯನ್ನು ಕೆಳಗೆ ನುಂಗುತ್ತದೆ ಎಂದು ವಾರದ ಹಿಂದೆ ನಾನೇ ಇಲ್ಲಿ ಬರೆದಿದ್ದೇನೆ. ಎಂಜಿನ್ನೂ ಮನುಷ್ಯನೂ ಒಂದೇ ಗಾಳಿಯಲ್ಲಿ ಇರಬಾರದು ಎಂಬುದಕ್ಕೇ ಅಲ್ಲವೇ ಅಣುವಿನ ನೌಕೆ ಕಟ್ಟಿದ್ದು? ಮೂರು ವರ್ಷದಿಂದ ಊರೂರಿಗೆ ಹೋಗಿ ಮಕ್ಕಳಿಗೆ ಹೇಳಿದ ಪಾಠ. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗೆಯೂ ಇಲ್ಲ.

ಹಗ್ಗ ಎಳೆದೆವು. ಕೆಳಗಿನಿಂದ ಉತ್ತರವಿಲ್ಲ. ಎಂಜಿನ್ ನಿಲ್ಲಿಸಿದೆವು. ಮಕ್ಸೂದ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಂದೀಲು ಇಳಿಬಿಟ್ಟ. ಅದು ಚೆನ್ನಾಗಿ ಉರಿಯುತ್ತಿತ್ತು. "ಹವಾ ಅದ, ನಾ ಇಳೀತೇನಿ" ಎಂದ.

"ಇಳೀಬ್ಯಾಡ" ಎಂದೆ.

"ದೀಪ ಉರೀಲಾಕತ್ತದಲ್ರಿ. ನೀವೇ ಹೇಳಿದ್ರಿ, ದೀಪ ಉರದ್ರ ಹವಾ ಅದ ಅಂತ."

"ಈ ಹೊಗಿ ದೀಪಕ್ಕ ತಿಳಿಯಲ್ಲ. ಮನಷ್ಯಾನ ಕೊಲ್ಲೋ ಅಷ್ಟು ಇದ್ರೂ ದೀಪ ಉರೀತದ. ನನಗ ಗೊತ್ತಿತ್ತು. ನಾ ಹೇಳಲಿಲ್ಲ."

ಮಕ್ಸೂದ ಸೊಂಟದ ಹಗ್ಗ ಬಿಚ್ಚಿದ. ನಾಲ್ಕನೇ ಕಿಂಡಿ ಮೇಲ್ಗಡೆ ಅರವತ್ತು ಅಡಿ ದೂರ. ಅಲ್ಲಿಂದ ಒಳ್ಳೆಯ ಗಾಳಿ ಒಳಗೆ ಬರುತ್ತದೆ, ಅಲ್ಲಿ ಇಳಿದು ತೆವಳಿ ಬರಬೇಕು ಎಂದೆ. ಎಲ್ಲರೂ ನನ್ನನ್ನೇ ನೋಡಿದರು. ಸಬ್‌ಮರೀನ್ ಸಾಹೇಬರು ಹೋಗುತ್ತಾರೆ ಎಂದು ಅವರಿಗೆ ಅನುಮಾನವೇ ಇರಲಿಲ್ಲ.

ಇಳಿದೆ. ಹೇಗೆ ಇಳಿದೆ ಎಂದು ನೆನಪಿಲ್ಲ. ಹೂಳಿನ ಮೇಲೆ ಬಗ್ಗಿ ನಡೆಯುವಷ್ಟು ಎತ್ತರವಿತ್ತು. ಹಿಂದೆ ಬ್ಯಾಟರಿ ಹಿಡಿದು ಸಖುಬಾಯಿ. ಮೂವತ್ತು ಅಡಿ ಹೋದ ಮೇಲೆ ಮೇಲಿನ ಕಲ್ಲು ಕುಸಿದು ದಾರಿ ಕಟ್ಟಿತ್ತು, ನಡುವೆ ಒಂದು ತೂತು. ಅಗಲ ಎಷ್ಟಿತ್ತೆಂದು ನಾನು ಅಳೆಯಬೇಕಾಗಿರಲಿಲ್ಲ. ತಲೆ, ಒಂದು ಭುಜ ಒಳಗೆ ಹಾಕಿದೆ. ಮುಂದೆ ಭಾವನ ಕಾಲು ಕಾಣಿಸಿತು. ಆಗ ಮೈ ನಿಂತುಬಿಟ್ಟಿತು. ಮುಂದೆ ಹೋಗು ಎಂದು ನಾನು ಹೇಳುತ್ತಿದ್ದೆ, ಅದು ಕೇಳಲಿಲ್ಲ. ಭಾವ ಅಲ್ಲಿ ಸಾಯುತ್ತಿದ್ದರು, ನಾನು ಕಲ್ಲಿನ ಮೇಲೆ ಮುಷ್ಟಿಯಿಂದ ಬಡಿಯುತ್ತಿದ್ದೆ. ಮೂರು, ಮತ್ತೆ ಮೂರು.

ಸಖುಬಾಯಿ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. "ಸರೀರಿ. ನಿಮ್ಮಿಂದ ಆಗಲ್ಲ ಇದು" ಎಂದಳು. ಬಯ್ದದ್ದಲ್ಲ, ಕಂಡದ್ದು ಹೇಳಿದಳು.

ಅವಳ ಸೊಂಟಕ್ಕೆ ಒಂದು ಹಗ್ಗ ಕಟ್ಟಿ, ಕೈಗೆ ಇನ್ನೊಂದು ಕೊಟ್ಟೆ. ಎಷ್ಟು ಬೇಗ ಆದರೆ ಅಷ್ಟು ಬೇಗ ಬಾ, ತಲೆ ತಿರುಗಿದರೆ ಬಿಟ್ಟು ಬಾ, ಕಟ್ಟಿದ ಮೇಲೆ ಕಲ್ಲಿನಿಂದ ಮೂರು ಸಲ ಬಡಿ ಎಂದೆ. ಅವಳು ಹಾವಿನ ಹಾಗೆ ನುಸುಳಿದಳು. ನಾನು ತೂತಿಗೆ ಮುಖ ಕೊಟ್ಟು ಮಲಗಿದೆ. ಮೂರು ಬಡಿತ ಕೇಳಿತು. ಎಳೆದೆ. ಭಾವನ ಬೆನ್ನು ಸುಲಿದುಹೋಯಿತು, ಆದರೂ ಎಳೆದೆ.

17 ಮೇ, ಮಂಗಳವಾರ

ಭಾವ ಕಣ್ಣು ಬಿಟ್ಟರು. ಅಕ್ಕನನ್ನು ಗುರುತಿಸಿದರು, ಆದರೆ ಬೆಳಿಗ್ಗೆ ಹೇಳಿದ್ದು ಸಂಜೆಗೆ ಇರುವುದಿಲ್ಲ. ವಿಷದ ಗಾಳಿ ಮಿದುಳಿಗೆ ತಾಗಿದೆ, ಹೊಸದು ನೆನಪಿನಲ್ಲಿ ನಿಲ್ಲತೊಡಗಿದರೆ ವಾಸಿಯಾಯಿತು ಎಂದು ತಿಳಿಯಿರಿ, ನಿಲ್ಲದೆಯೂ ಹೋಗಬಹುದು ಎಂದರು ಡಾಕ್ಟರು.

ಪೇಪರಿನಲ್ಲಿ ಬಂದಿದೆ: 'ಸುರಂಗಕ್ಕೆ ನುಗ್ಗಿ ಭಾವನನ್ನು ಉಳಿಸಿದ ಜಲಾಂತರ್ಗಾಮಿ ಯೋಧ.' ಸಖುಬಾಯಿಯ ಹೆಸರೇ ಇಲ್ಲ. ಬರೆದವನಿಗೆ ಫೋನು ಮಾಡಿ ಹೋದದ್ದು ಅವಳು ಎಂದೆ. "ನಿಮ್ಮ ದೊಡ್ಡ ಗುಣ ಸರ್" ಎಂದ. ಕಾಲೇಜಿನವರು ಸನ್ಮಾನ ಇಟ್ಟುಕೊಂಡಿದ್ದಾರಂತೆ. ಬರುವುದಿಲ್ಲ, ಸಖುಬಾಯಿಯನ್ನು ಕರೆಯಿರಿ ಎಂದೆ. ಅವಳಿಗೂ ಹೇಳಿದೆ. ನಕ್ಕಳು. "ಈ ಬ್ಯಾಸಗ್ಯಾಗ ಶಾಲು ಹೊದ್ದು ಏನ್ ಮಾಡ್ಲಿರಿ? ನರಸಿಂಗಣ್ಣ ಎದ್ದು ಕುಂತ್ರ ಸಾಕು."

ಅವಳು ನನ್ನನ್ನು ಅಣಕಿಸಿದ್ದರೆ ಹಗುರವಾಗುತ್ತಿತ್ತು.

21 ಮೇ, ಶನಿವಾರ. ಡಾಬಕಾ

ಬುದ್ಧ ಪೂರ್ಣಿಮೆ. ಅಕ್ಕನ ಬಟ್ಟೆ ತರಲು ಬಂದಿದ್ದೆ. ವಿಹಾರದಲ್ಲಿ ಯಾರೂ ಇಲ್ಲದಾಗ ಪಟ ತೆಗೆಯಲು ಸ್ಟೂಲು ಹತ್ತಿದೆ. ಪಕ್ಕದ ಪಟದಲ್ಲಿರುವ ನರ್ಸಿನ ತಾಯಿ ಹೂ ಹಿಡಿದುಕೊಂಡು ಒಳಗೆ ಬಂದಳು. "ಧೂಳು ಒರಸ್ಲಾಕತ್ತಿಯೇನಪಾ?" ಎಂದಳು. ಹೌದು ಎಂದು ಒರೆಸಿ ಇಳಿದೆ. ಇಷ್ಟೇ ನನ್ನ ಯೋಗ್ಯತೆ.

25 ಮೇ, ಬುಧವಾರ. ಬೀದರ

ಭಾವನನ್ನು ಮನೆಗೆ ಕಳಿಸಿದರು. ವಾರಕ್ಕೆರಡು ಸಲ ಆಸ್ಪತ್ರೆಗೆ ತೋರಿಸಬೇಕು, ಅದಕ್ಕೆ ನನ್ನ ಕೋಣೆಗೇ ಕರೆತಂದೆ. ಅವರಿಗೆ, ಅಕ್ಕನಿಗೆ ಒಳಗೆ ಹಾಸಿಗೆ; ನನಗೆ ಹೊಸ್ತಿಲ ಹತ್ತಿರ.

ಮಧ್ಯಾಹ್ನ ಭಾವ ನನ್ನ ಕೈ ಹಿಡಿದುಕೊಂಡರು. "ನೀ ಇದ್ದಿ ಅಂತ ಉಳದೆ. ನಿನ್ನ ಉಪಕಾರ ಹ್ಯಾಂಗ ತೀರಿಸಲೋ" ಎಂದರು. ಯಾರೋ ಪೇಪರ್ ಓದಿ ಹೇಳಿದ್ದು ಹೇಗೋ ಅವರ ತಲೆಯಲ್ಲಿ ಉಳಿದುಬಿಟ್ಟಿದೆ. ಉಳಿದದ್ದು ಅದೊಂದೇ.

ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಕೊಳವೆ, ಮೂರು ಬಡಿತ, ಉಗ್ರಾಣ, ಎಂಜಿನ್, ಸಖುಬಾಯಿ. ಅವರು ಕಣ್ಣರಳಿಸಿ ಕೇಳಿ, "ಹಿಂಗದಾ?" ಎಂದರು. ನೀರು ಕೇಳಿ ಕುಡಿದು ಮಲಗಿದರು.

ಅಕ್ಕ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ನಾನು ಅವಳ ಮುಂದೆ ನಿಂತೆ.

"ಸಬ್‌ಮರೀನದ್ದು ನನಗ ಗೊತ್ತಿತ್ತು" ಎಂದಳು. "ಆ ವರ್ಷ ರಜಾಕ್ಕ ಬಂದಾಗ ನೀ ಬಾಗಲಾ ತೆರೆದು ಮಲಗ್ತಿದ್ದಿ. ನಾಯಿ ಬಂದು ರೊಟ್ಟಿ ಒಯ್ತಿತ್ತು. ಏನೋ ಆಗ್ಯಾದ ತಮ್ಮಗ ಅಂದ್ಕೊಂಡೆ. ಕೇಳಿದ್ರ ನಿನಗ ಸಣ್ಣಸ್ತನ ಆಗ್ತದಂತ ಕೇಳಲಿಲ್ಲ." ಹಿಟ್ಟಿನ ಕೈ ತೊಳೆದಳು. "ಹೆದರಿದಿ ಅಂತ ಸಿಟ್ಟಿಲ್ಲ. ಹೆದರೋದು ಮುಚ್ಚಲಾಕ ನನ್ನ ಗಂಡನ್ನ ಕೆಳಗ ಕಳಿಸಿದಿ ನೋಡು. ಅದಕ್ಕ ಸಿಟ್ಟದ."

ಊಟಕ್ಕೆ ಬಡಿಸಿದಳು.

26 ಮೇ, ಗುರುವಾರ

ಬೆಳಿಗ್ಗೆ ಚಹಾ ಕೊಟ್ಟಾಗ ಭಾವ ಮತ್ತೆ ನನ್ನ ಕೈ ಹಿಡಿದರು. "ನೀ ಇದ್ದಿ ಅಂತ ಉಳದೆ" ಎಂದರು. ನಿನ್ನೆಯದು ಒಂದಕ್ಷರವೂ ಇರಲಿಲ್ಲ.

ಸುಮ್ಮನಿದ್ದರೆ ಯಾರು ಕೇಳುತ್ತಿದ್ದರು? ಅಕ್ಕ ನೋಡುತ್ತಿದ್ದಳು, ಅದಕ್ಕಾಗಿ ಹೇಳಿದೆನೋ ಏನೋ. ಮೊದಲಿನಿಂದ ಎಲ್ಲ ಹೇಳಿದೆ.

29 ಮೇ, ರವಿವಾರ

ಇಂದೂ ಹೇಳಿದೆ. ಭಾವ ನಕ್ಕರು. ಮಶ್ಕಿರಿ ಎಂದುಕೊಂಡರು.

31 ಮೇ, ಮಂಗಳವಾರ

ಇಂದು ಅತ್ತರು, ನನಗಾಗಿ. "ಪಾಪ, ಎಷ್ಟು ಹೆದರಿದ್ದೀಯೋ" ಎಂದರು. ಇದು ನಗುವಿಗಿಂತ ಕಷ್ಟ.

ಅಷ್ಟೂರದಲ್ಲಿ ಕೆಲಸ ಮತ್ತೆ ಶುರುವಾಗಿದೆ. ಎಂಜಿನ್ ಮೇಲೆ ತಂದು, ಕರೆಂಟಿನ ಪಂಪು ಇಳಿಸಿದ್ದಾರೆ. ಗುರುನಾಥ ಸರ್‌ಗೆ ಎಲ್ಲ ಬರೆದು ಕೊಟ್ಟೆ. ವಿಹಾರದವರಿಗೂ ಒಂದು ಕಾಗದ ಹಾಕಿದೆ, ಪಟ ತೆಗೆಯಿರಿ ಎಂದು. ಸರ್ ಓದಿ ಕನ್ನಡಕ ತೆಗೆದು, "ಇಷ್ಟು ಪಾಠ ಗೊತ್ತಿದ್ದಾತ ಒಂದು ಮಾತು ಹೇಳಬಾರದಾಗಿತ್ತೇನ್ರಿ?" ಎಂದರು. ಬೆಳಿಗ್ಗೆ ಹವಾ ನೋಡಲು ನಾಲ್ಕನೇ ಕಿಂಡಿಯಲ್ಲಿ ಇಳಿಯುತ್ತೇನೆ. ಕಂದೀಲು ಸಖುಬಾಯಿ ಹಿಡಿಯುತ್ತಾಳೆ, ತೂತಿನವರೆಗೆ ಹೋಗಿ ಬರುತ್ತೇವೆ.

4 ಜೂನ್, ಶನಿವಾರ

ಹೇಳಿದೆ. ಭಾವ ಗೋಡೆ ನೋಡುತ್ತಿದ್ದರು. ಚಹಾ ತಣ್ಣಗಾಯಿತು.

8 ಜೂನ್, ಬುಧವಾರ

ಕರೀಮ ಸಾಬರು ಬೆಳಿಗ್ಗೆ, "ಶುಕರ್ ಅದ, ಎರಡು ದಿನ ಆತು ನಾಯಿ ಕಾಟ ಇಲ್ಲ. ದರ್ವಾಜಾ ಹಾಕ್ಲಾಕತ್ತೀರಿ" ಎಂದರು. ನಾನು ಹಾಕಿದ ನೆನಪಿಲ್ಲ. ಗಾಳಿಗೆ ಮುಚ್ಚಿಕೊಂಡಿರಬೇಕು.

ಚಹಾ ಕೊಟ್ಟು ಎಂದಿನ ಹಾಗೆ ಎದುರು ಕೂತೆ. "ಭಾವ, ನಿಮಗ ಒಂದು ಮಾತು ಹೇಳಬೇಕು" ಎಂದೆ.

"ಸಬ್‌ಮರೀನದಾಗ ಕೂತಿಲ್ಲ, ಅದೇ ಅಲ್ಲೇನು?" ಎಂದರು. "ನಿನ್ನಿ ಹೇಳಿದಿ. ಮೊನ್ನಿನೂ ಹೇಳಿದಿ."

ಒಲೆಯ ಮುಂದೆ ಅಕ್ಕನ ಕೈ ನಿಂತಿತು. ರೊಟ್ಟಿ ಬಡಿಯುವ ಸದ್ದು ನಿಂತದ್ದರಿಂದ ನನಗೆ ತಿಳಿಯಿತು. ಡಾಕ್ಟರು ಹೇಳಿದ್ದು ಇದೇ. ಹೊಸದು ನಿಂತಿದೆ. ಭಾವ ಉಳಿದರು. ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು.

"ಇಂಜಿನ್ನಿಗಿ ಉಸಿರು ಬೇಕಂತ ನಿನಗ ಗೊತ್ತಿತ್ತು."

"ಗೊತ್ತಿತ್ತು ಭಾವ."

"ಕೆಳಗ ನಾ ಇರ್ತೇನಂತನೂ ಗೊತ್ತಿತ್ತು."

"ಗೊತ್ತಿತ್ತು."

"ಹಾಂಗಾರ ಇಳಸಬ್ಯಾಡ್ರಿ ಅಂತ ಯಾಕ ಅನ್ನಲಿಲ್ಲ?"

ಇಷ್ಟು ದಿನ ಹೇಳಿದರೂ ಈ ಪ್ರಶ್ನೆಯನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ನಿನ್ನೆಯದನ್ನೂ ಮೊನ್ನೆಯದನ್ನೂ ಒಂದರ ಪಕ್ಕ ಒಂದು ಇಟ್ಟುಕೊಂಡವನಿಗೆ ಮಾತ್ರ ಬರುವ ಪ್ರಶ್ನೆ.

"ಅಂದಿದ್ರ, ಯಾಕಂತ ನೋಡಿ ಹೇಳಲಾಕ ನಾ ಒಳಗ ಬರಬೇಕಾಗ್ತಿತ್ತು ಭಾವ" ಎಂದೆ.

ಅವರು ಬಟ್ಟಲು ಕೆಳಗಿಟ್ಟು ಗೋಡೆ ಕಡೆ ತಿರುಗಿ ಮಲಗಿದರು. ಉಪಕಾರದ ಮಾತು ಇಂದು ಬರಲಿಲ್ಲ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಗಂಡ ವಾಸಿಯಾದನೆಂದೋ, ತಮ್ಮನ ಮಾತಿಗೋ, ನಾನು ಕೇಳಲಿಲ್ಲ.

ನಾಳೆ ಬೆಳಿಗ್ಗೆ ಅವರಿಗೆ ಹೇಳಲು ಏನೂ ಉಳಿದಿಲ್ಲ. ಚಹಾ ಮಾಡಿಕೊಡುತ್ತೇನೆ. ನನ್ನ ಕೈಯಿಂದ ತೆಗೆದುಕೊಳ್ಳುತ್ತಾರೋ ಇಲ್ಲವೋ ನೋಡಬೇಕು.